ಪೇಟಿ ಆಮೇಲೆ ಕೊಳ್ಳಿ: ಸೇಡಂ–ವಾಡಿ ಸೀಮೆಯಲ್ಲಿ ಸಂಗೀತ ಪಾಠ ಶುರು ಮಾಡುವ ಬಗೆ

ಮಕ್ಕಳಿಗೆ ಸಂಗೀತ ಕಲಿಸಬೇಕೆಂದು ಮನಸ್ಸು ಮಾಡಿದ ಮನೆಯವರು ಮೊದಲು ಮಾಡುವ ಕೆಲಸ ಒಂದು ಪೇಟಿ ತರುವುದು. ಅದನ್ನು ಕೊನೆಗೆ ಮಾಡಿ ಎನ್ನುವುದೇ ನನ್ನ ಮೊದಲ ಸಲಹೆ. ಹೊಸ ಹಾರ್ಮೋನಿಯಂಗೆ ಹತ್ತು ಸಾವಿರದ ಮೇಲೆಯೇ ಬೇಕು. ಗುರು ಯಾರು, ಮಗುವಿನ ಸ್ವರ ಯಾವುದು, ವಾರದಲ್ಲಿ ಯಾವ ದಿನ ಯಾವ ಹೊತ್ತಿಗೆ ಕೂರುವುದು ಎಂಬುದೊಂದೂ ಗೊತ್ತಿಲ್ಲದೆ ತಂದ ಪೇಟಿ ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಸಂಗೀತ ಶುರು ಮಾಡುವುದೇನೂ ಕಷ್ಟವಿಲ್ಲ. ನಾಲ್ಕನೇ ತಿಂಗಳಿಗೆ ಅದು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಕಷ್ಟ. ಗುರು, ವೇಳೆ, ಜಾಗ, ವಾದ್ಯ ಎಲ್ಲವನ್ನೂ ಈ ಒಂದು ಮಾತು ನೆನಪಿಟ್ಟುಕೊಂಡೇ ಗೊತ್ತುಮಾಡಬೇಕು.

ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಎಂಬ ಗೊಂದಲ ಇಲ್ಲಿ ಹೆಚ್ಚು ಕಾಡುವುದಿಲ್ಲ. ಈ ಸೀಮೆಯ ಕಿವಿ ಪಳಗಿರುವುದು ಭಜನಿ ಮೇಳದ ಪೇಟಿ-ತಬಲಾಕ್ಕೆ, ಕಡಕೋಳ ಮಡಿವಾಳಪ್ಪ ಮತ್ತು ಚೆನ್ನೂರ ಜಲಾಲಸಾಹೇಬರ ತತ್ವಪದಕ್ಕೆ, ಮೊಹರಮ್ಮಿನ ರಿವಾಯತಿಗೆ, ಹಿಂದಿ ಸಿನಿಮಾ ಹಾಡಿಗೆ. ಹಿಂದೂಸ್ತಾನಿ ಖ್ಯಾಲಿನ ಚೀಜುಗಳ, ಎಂದರೆ ಹಾಡುಗಳ, ಹಿಂದಿ, ಬ್ರಜ ಮಾತು ದಖನಿ ಕೇಳಿ ಬೆಳೆದ ಮಕ್ಕಳ ಬಾಯಿಗೆ ಬೇಗ ಕೂರುತ್ತದೆ. ಸಾಲದ್ದಕ್ಕೆ, ಈ ಭಾಗದಲ್ಲಿ ಸಿಗುವ ಗುರುಗಳೂ ಬಹುಪಾಲು ಹಿಂದೂಸ್ತಾನಿ ಪದ್ಧತಿಯವರೇ. ವೀಣೆಯನ್ನೋ ವರ್ಣ-ಕೃತಿಗಳನ್ನೋ ಕಲಿಯಲೇಬೇಕು ಎನ್ನುವವರು ಕಲಬುರಗಿಯಲ್ಲಿ ವಿಚಾರಿಸಬೇಕು, ಇಲ್ಲವೆ ಆನ್‌ಲೈನ್ ಪಾಠ ಹಿಡಿಯಬೇಕು.

ಗುರುವನ್ನು ಎಲ್ಲಿ ಹುಡುಕುವುದು? ‘ಸಂಗೀತ ಅಕಾಡೆಮಿ’ ಎಂಬ ಬೋರ್ಡು ಹುಡುಕಿಕೊಂಡು ಹೊರಟರೆ ತಾಲ್ಲೂಕು ಊರಿನಲ್ಲಿ ನಿರಾಶೆಯೇ ಹೆಚ್ಚು. ಪುರಾಣ ನಡೆಯುವ ಮಠಕ್ಕೋ ಗುಡಿಗೋ ಹೋಗಿ. ಶ್ರಾವಣದಲ್ಲಿ, ಜಾತ್ರೆಯ ಮುಂಚೆ, ಇಲ್ಲಿನ ಊರೂರಲ್ಲಿ ದಿನಗಟ್ಟಲೆ, ಕೆಲವೆಡೆ ತಿಂಗಳಿಡೀ ಪುರಾಣ-ಪ್ರವಚನ ನಡೆಯುತ್ತದೆ. ಪ್ರವಚನ ಹೇಳುವವರ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಾ ವಾದಕ ಕೂತಿರುತ್ತಾರೆ. ಅವರಲ್ಲಿ ಅನೇಕರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಇಲ್ಲವೆ ಅಲ್ಲಿ ಕಲಿತವರ ಶಿಷ್ಯರು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ ಈ ಆಶ್ರಮವನ್ನು ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿದ ಜಾಗ ಅದು. ಹೊಟ್ಟೆಪಾಡಿಗೆಂದು ಅಲ್ಲಿಂದ ಹೊರಟವರು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಪುರಾಣಕ್ಕೆ ಹಾಡುತ್ತಾರೆ, ಶಾಲೆಯಲ್ಲಿ ಕಲಿಸುತ್ತಾರೆ, ಮನೆಪಾಠ ಹೇಳುತ್ತಾರೆ. ಮಂಗಳಾರತಿ ಮುಗಿದ ಮೇಲೆ ಹತ್ತಿರ ಹೋಗಿ “ಗವಾಯಿಗಳೇ, ಈ ಕಡಿ ಪಾಠ ಹೇಳೋರು ಯಾರದಾರ್ರಿ?” ಎಂದು ಕೇಳಿ. ಅವರೇ ಹೇಳಬಹುದು, ಇಲ್ಲವೆ ಒಬ್ಬರ ಹೆಸರು ಕೊಡುತ್ತಾರೆ. ಪ್ರೌಢಶಾಲೆಗಳಲ್ಲಿರುವ ಸಂಗೀತ ಶಿಕ್ಷಕರು, ಅಕ್ಕನ ಬಳಗದಲ್ಲಿ ವಚನ ಹಾಡಿಸುವ ತಾಯಂದಿರು, ಕಲಬುರಗಿ ಆಕಾಶವಾಣಿಯಲ್ಲಿ ಹಾಡುವ ಕಲಾವಿದರು ಕೂಡ ದಾರಿ ತೋರಿಸುತ್ತಾರೆ.

ಗುರು ಇರುವ ಊರು ನಿಮ್ಮದಲ್ಲದಿದ್ದರೆ ರೈಲಿನ ನಕ್ಷೆ ನೋಡಿ. ಸೇಡಂ, ಮಳಖೇಡ ರೋಡ್, ಚಿತ್ತಾಪುರ, ವಾಡಿ ಒಂದೇ ಹಳಿಯ ಮೇಲಿವೆ. ಅದು ತಾಂಡೂರು, ವಿಕಾರಾಬಾದಿನ ಮೇಲೆ ಹೈದರಾಬಾದಿಗೆ ಹೋಗುವ ಮಾರ್ಗ. ವಾಡಿಯಿಂದ ಕಲಬುರಗಿಯ ಕಡೆಗೆ ಹೊರಟರೆ ಶಹಾಬಾದ್. ಕಲಬುರಗಿಯ ಮಾಸ್ತರರೊಬ್ಬರು ಶಹಾಬಾದ್, ವಾಡಿಗೆ ಬಂದು ಪಾಠ ಹೇಳಿ ಅದೇ ದಿನ ಮರಳಬಹುದು. ಸೇಡಮ್ಮಿನವರೊಬ್ಬರು ಚಿತ್ತಾಪುರ, ವಾಡಿಗೆ ಬರಬಹುದು. ಆದರೆ ಒಂದು ಮನೆಯ ಒಂದು ಮಗುವಿಗಾಗಿ ಯಾರೂ ರೈಲು ಹತ್ತುವುದಿಲ್ಲ. ಆರೇಳು ಮನೆಯವರು ಸೇರಿ ಒಂದು ಜಾಗ, ವಾರಕ್ಕೆ ಎರಡು ದಿನ ಗೊತ್ತು ಮಾಡಬೇಕು. ಪಾಠದ ವೇಳೆಯನ್ನು ಮಕ್ಕಳ ಟ್ಯೂಷನ್ನಿಗಿಂತ ಮೊದಲು ರೈಲಿನ ವೇಳೆಗೆ ಹೊಂದಿಸಿ. ಮಾಸ್ತರರು ಪ್ಲಾಟ್‌ಫಾರಮ್ಮಿನಲ್ಲಿ ತಾಸುಗಟ್ಟಲೆ ಕಾಯುವ ಹಾಗಾದರೆ ಎರಡನೇ ತಿಂಗಳಿಗೇ ಬರುವುದು ನಿಲ್ಲುತ್ತದೆ.

ಚಿಂಚೋಳಿಯ ಮಾತು ಬೇರೆ. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ, ಸಂಜೆಯ ಮೇಲೆ ಅದೂ ವಿರಳ. ಶನಿವಾರ ಸಂಜೆ ಬಂದು, ರಾತ್ರಿ ಉಳಿದು, ಭಾನುವಾರ ಬೆಳಿಗ್ಗೆ ಎರಡನೇ ಪಾಠ ಹೇಳಿ ಹೋಗುವ ಏರ್ಪಾಡು ಅಲ್ಲಿಗೆ ಸರಿ. ನಡುವಾರದಲ್ಲಿ ಒಮ್ಮೆ ಫೋನಿನಲ್ಲಿ ಪಾಠ ಇಟ್ಟುಕೊಳ್ಳಬಹುದು. ಫೋನಿನ ಪಾಠದ ಒಂದು ತಾಂತ್ರಿಕ ಸಂಗತಿ ಗೊತ್ತಿರಲಿ. ದನಿ ಆ ಕಡೆ ಮುಟ್ಟುವುದು ತುಸು ತಡ, ಹಾಗಾಗಿ ಗುರು-ಶಿಷ್ಯರು ಒಟ್ಟಿಗೆ ಹಾಡಿದರೆ ತಾಳ ತಪ್ಪಿಯೇ ತಪ್ಪುತ್ತದೆ. ಗುರು ಹಾಡಿ ನಿಲ್ಲಿಸಬೇಕು, ಶಿಷ್ಯ ಮರಳಿ ಹಾಡಬೇಕು. ತಂಬೂರಿ ಶಿಷ್ಯನ ಕಡೆ ಮೊಳಗುತ್ತಿರಬೇಕು. ಹಾಡಿಗೆ ಇದು ನಡೆಯುತ್ತದೆ. ತಬಲಾಕ್ಕೆ ಮೊದಲ ಆರು ತಿಂಗಳು ಬೇಡ. ಬೆರಳು ಎಲ್ಲಿ ಬೀಳಬೇಕು, ಮಣಿಕಟ್ಟು ಎಷ್ಟು ಸಡಿಲ ಇರಬೇಕು ಎನ್ನುವುದನ್ನು ಗುರು ಕೈಹಿಡಿದೇ ತೋರಿಸಬೇಕು.

ಮೊದಲ ದಿನ ಗುರುವನ್ನು ಅಳೆಯುವುದು ಹೇಗೆ

ಒಳ್ಳೆಯ ಗುರುವನ್ನು ಗುರುತಿಸಲು ನೀವು ಸಂಗೀತಗಾರರಾಗಬೇಕಿಲ್ಲ. ಮೊದಲ ದಿನ ಅವರು ಮಗುವಿನ ‘ಸಾ’ ಹುಡುಕುತ್ತಾರೋ ಇಲ್ಲವೋ ನೋಡಿ.

ಪೇಟಿಯ ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಇರುತ್ತವೆ. ಎರಡರ ಗುಂಪಿನ ಮೊದಲನೆಯದು ಕರಿ ಒಂದು, ಅದರ ಪಕ್ಕದ್ದು ಕರಿ ಎರಡು. ಮೂರರ ಗುಂಪಿನವು ಕರಿ ಮೂರು, ನಾಲ್ಕು, ಐದು. ಹಳೆಯ ಮಾಸ್ತರರು ಮರಾಠಿಯ ರೂಢಿಯಂತೆ ಕಾಳಿ ಏಕ, ಕಾಳಿ ಚಾರ ಎನ್ನುವುದೂ ಉಂಟು. ಗಂಡಸರು ಸಾಮಾನ್ಯವಾಗಿ ಕರಿ ಒಂದನ್ನೋ ಅದರ ಆಸುಪಾಸಿನ ಮನೆಯನ್ನೋ ‘ಸಾ’ ಮಾಡಿಕೊಂಡು ಹಾಡುತ್ತಾರೆ. ಹೆಂಗಸರಿಗೂ ಚಿಕ್ಕ ಮಕ್ಕಳಿಗೂ ಕರಿ ನಾಲ್ಕು, ಕರಿ ಐದರ ಸುತ್ತ ಹಿತ. ಕರಿ ಒಂದರ ಪಂಚಮವೇ ಕರಿ ನಾಲ್ಕು. ಎಂದರೆ ಗಂಡಸಿನ ದನಿಗೂ ಮಗುವಿನ ದನಿಗೂ ನಡುವೆ ಹೆಚ್ಚುಕಡಿಮೆ ಒಂದು ಪಂಚಮದ ಅಂತರವಿದೆ. ಮಾಸ್ತರರು ತಮಗೆ ಒಗ್ಗಿದ ಕರಿ ಒಂದರಲ್ಲೇ ಎಂಟು ವರ್ಷದ ಹುಡುಗಿಯನ್ನು ಹಾಡಿಸಿದರೆ ಕೆಳಗಿನ ಸ್ವರಗಳು ಅವಳಿಗೆ ಸಿಗುವುದೇ ಇಲ್ಲ, ಮೇಲಿನ ಷಡ್ಜದಲ್ಲಿ ಕೂಗುತ್ತಾಳೆ. ಮನೆಯವರು ‘ಇವಳಿಗೆ ದನಿ ಇಲ್ಲ’ ಎಂದುಬಿಡುತ್ತಾರೆ. ದನಿ ಇದೆ, ಪಟ್ಟಿ, ಎಂದರೆ ‘ಸಾ’ ಇಟ್ಟುಕೊಂಡ ಮನೆ, ತಪ್ಪಿದೆ ಅಷ್ಟೆ.

ಅಪ್ಪ-ಮಗಳು ಒಂದೇ ತರಗತಿಯಲ್ಲಿ ಕೂತು ಕಲಿಯುವ ಆಸೆ ಚೆಂದದ್ದೇ ಆದರೂ ನಡೆಯದಿರುವುದು ಇದಕ್ಕೇ. ಮಕ್ಕಳನ್ನೂ ಹೆಂಗಸರನ್ನೂ ಒಂದು ಪಟ್ಟಿಯಲ್ಲಿ ಕೂರಿಸಬಹುದು. ದೊಡ್ಡ ಹುಡುಗರಿಗೆ, ಗಂಡಸರಿಗೆ ಬೇರೆ ಹೊತ್ತು ಬೇಕು. ಹನ್ನೆರಡರಿಂದ ಹದಿನೈದರ ನಡುವಿನ ಹುಡುಗರದು ಇನ್ನೊಂದು ಪೇಚು. ದನಿ ಒಡೆಯುವ ಆ ವಯಸ್ಸಿನಲ್ಲಿ ನಿನ್ನೆ ಸಿಕ್ಕ ಸ್ವರ ಇಂದು ಸಿಗುವುದಿಲ್ಲ. ಪಾಠ ಬಿಡಿಸಬೇಡಿ. ಪಟ್ಟಿ ಇಳಿಸಿ, ಮೆಲ್ಲಗೆ ಹಾಡಿಸಿ, ಆ ಅವಧಿಯಲ್ಲಿ ತಬಲಾಕ್ಕೋ ಪೇಟಿಗೋ ಒಗ್ಗಿಸಿ. ಬಹಳಷ್ಟು ಹುಡುಗರು ಸಂಗೀತ ಬಿಡುವುದು ಈ ಘಟ್ಟದಲ್ಲೇ, ಅದೂ ಕಾರಣ ಗೊತ್ತಿಲ್ಲದೆ, ನಾಚಿಕೆಯಿಂದ.

ಒಂದು ವರ್ಷದಲ್ಲಿ ಏನೇನು ಬರಬೇಕು

ಮೊದಲ ತಿಂಗಳಲ್ಲಿ ಹಾಡು ಬರದಿದ್ದರೆ ಗಾಬರಿ ಬೇಡ. ತಂಬೂರಿಯ ಮುಂದೆ ಕೂತು ‘ಸಾ’ ಹಿಡಿದು ನಿಲ್ಲುವುದು, ಅಲ್ಲಿಂದ ಪಂಚಮ, ಮೇಲಿನ ಷಡ್ಜ ಮುಟ್ಟುವುದು. ಆಮೇಲೆ ಏಳೂ ಶುದ್ಧ ಸ್ವರ. ಪಂಡಿತ ಭಾತಖಂಡೆ ರಾಗಗಳನ್ನು ಜೋಡಿಸಿಟ್ಟ ಹತ್ತು ಥಾಟುಗಳಲ್ಲಿ ಇದು ಬಿಲಾವಲ್. ನಂತರ ಪಲ್ಟೆ: ಸಾರೇಗ, ರೇಗಮ, ಗಮಪ ಎಂದು ಏರುವುದು, ಹಾಗೇ ಇಳಿಯುವುದು. ಒಂದೇ ಪಲ್ಟೆಯನ್ನು ಮೊದಲು ಸ್ವರದ ಹೆಸರಲ್ಲಿ, ಆಮೇಲೆ ‘ಆ’ಕಾರದಲ್ಲಿ ಹಾಡಬೇಕು. ಹೆಸರು ಬಿಟ್ಟ ಕೂಡಲೆ ಸ್ವರ ಜಾರುವುದು ಎಲ್ಲರಿಗೂ ಆಗುತ್ತದೆ. ಕಿವಿ ತಯಾರಾಗುವುದು ಅಲ್ಲಿಯೇ.

ಮೂರನೇ ತಿಂಗಳ ಹೊತ್ತಿಗೆ ಭೂಪ ರಾಗ ಹಿಡಿಸುತ್ತಾರೆ. ಮಧ್ಯಮ, ನಿಷಾದ ಇಲ್ಲದ ಐದು ಸ್ವರದ ರಾಗ, ಅರ್ಧ ಸ್ವರಗಳ ಕಾಟವಿಲ್ಲ. ಆಮೇಲೆ ಯಮನ್, ಅಲ್ಲಿ ತೀವ್ರ ಮಧ್ಯಮದ ಪರಿಚಯ. ಭೈರವದಲ್ಲಿ ಕೋಮಲ ರಿಷಭ, ಕೋಮಲ ಧೈವತ. ನೋಟ್ ಬುಕ್ಕಿನಲ್ಲಿ ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಮಧ್ಯಮದ ತಲೆಯ ಮೇಲೆ ನಿಂತ ಗೆರೆ ಇದ್ದರೆ ತೀವ್ರ. ಚುಕ್ಕಿ ಮೇಲಿದ್ದರೆ ತಾರ ಸಪ್ತಕ, ಕೆಳಗಿದ್ದರೆ ಮಂದ್ರ. ಇಷ್ಟು ತಿಳಿದರೆ ತಾಯಿ-ತಂದೆಯೂ ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳಬಹುದು.

ತಾಳ ಕೈಯಲ್ಲಿ ಬರಬೇಕು. ತೀನತಾಲಕ್ಕೆ ಹದಿನಾರು ಮಾತ್ರೆ, ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಖಾಲಿ, ಕೈ ಬೀಸುವುದು. ಭಜನಿಯಲ್ಲಿ ಕೇಳುವ ಕೆಹರವಾಕ್ಕೆ ಎಂಟು, ದಾದ್ರಾಕ್ಕೆ ಆರು. ಇಲ್ಲಿನ ಮಕ್ಕಳಿಗೆ ಇದು ಕಲಿಸುವ ಮುಂಚೆಯೇ ಅರ್ಧ ಬಂದಿರುತ್ತದೆ. ಗುಡಿಯಲ್ಲಿ ತಾಳ ಹಾಕುತ್ತ ಬೆಳೆದವರು ಅವರು.

ಆರು ತಿಂಗಳು ಸರಿಗಮವೇ ಆದರೆ ಮಕ್ಕಳು ಓಡಿಹೋಗುತ್ತಾರೆ ಎನ್ನುವುದೂ ನಿಜ. ಜಾಣ ಗುರು ಪ್ರತಿ ಪಾಠದ ಕೊನೆಗೆ ಹತ್ತು ನಿಮಿಷ ಒಂದು ವಚನ, ದಾಸರ ಪದ, ತತ್ವಪದ ಹಾಡಿಸುತ್ತಾರೆ, ಆಗ ಕಲಿಯುತ್ತಿರುವ ರಾಗದ್ದೇ ಆದರೆ ಇನ್ನೂ ಒಳ್ಳೆಯದು. ವಚನ ಹಾಡುವುದೆಂದರೆ ಎರಡನೇ ದರ್ಜೆಯ ಕೆಲಸವೆಂದು ಯಾರೂ ತಿಳಿಯಬೇಕಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರಂಥ ಖ್ಯಾಲಿನ ದೊಡ್ಡ ಗಾಯಕರೇ ವಚನಗಳನ್ನು ಕಚೇರಿಯಲ್ಲಿ ಹಾಡಿದವರು. ನನಗೆ ಸರಿ ಕಾಣದಿರುವುದು ಪ್ರತಿಭಾ ಕಾರಂಜಿಗೆ ಎರಡು ವಾರ ಮೊದಲು ಒಂದು ಹಾಡನ್ನು ಉರು ಹೊಡೆಸುವ ಪದ್ಧತಿ. ಬಹುಮಾನ ಬರಬಹುದು, ಮರುವಾರ ಮಗುವಿಗೆ ಬೇರೆ ಹಾಡು ಹಾಡಲು ಬರುವುದಿಲ್ಲ.

ಮನೆಯ ರಿಯಾಜಿಗೆ ಮಕ್ಕಳಿಗೆ ದಿನಕ್ಕೆ ಹದಿನೈದು ನಿಮಿಷ ಸಾಕು, ದೊಡ್ಡವರಿಗೆ ಅರ್ಧ ತಾಸು. ಭಾನುವಾರ ಎರಡು ತಾಸು ಕೂತು ವಾರದ ಬಾಕಿ ತೀರಿಸುತ್ತೇನೆಂದರೆ ಗಂಟಲು ಕೆಡುತ್ತದೆ, ಸ್ವರ ಬರುವುದಿಲ್ಲ.

ವಯಸ್ಸಿನ ಮಾತು. ಹಾಡಿಗೆ ಆರೇಳು ವರ್ಷ ಸರಿ. ಅದಕ್ಕಿಂತ ಚಿಕ್ಕವರು ಕೇಳಲಿ, ಕುಣಿಯಲಿ. ತಬಲಾಕ್ಕೆ ಅಂಗೈ ತುಸು ಬೆಳೆದಿರಬೇಕು, ಏಳೆಂಟು ವರ್ಷವಾದರೂ ಆಗಲಿ. ಕೊಳಲಿಗೆ ಬೆರಳುಗಳು ತೂತುಗಳನ್ನು ಮುಚ್ಚುವಷ್ಟು ಚಾಚಬೇಕು. ಶುರು ಮಾಡಲು ಬೇಸಿಗೆ ರಜೆ ಒಳ್ಳೆಯದೆಂದು ಎಲ್ಲರೂ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಈ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ, ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತಾರೆ, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಹೊಸ ವೇಳಾಪಟ್ಟಿಗೆ ಸಂಗೀತ ಹೊಂದುವುದಿಲ್ಲ. ಜುಲೈನಲ್ಲಿ, ಶಾಲೆಯ ವೇಳೆ ಒಂದು ಹದಕ್ಕೆ ಬಂದ ಮೇಲೆ ಶುರು ಮಾಡಿ. ಬೇಸಿಗೆ ಬರುವ ಹೊತ್ತಿಗೆ ಕೂರುವ ರೂಢಿ ಬಿದ್ದಿರುತ್ತದೆ.

ದೊಡ್ಡವರಿಗೆ

ನಲವತ್ತು ದಾಟಿದವರು ‘ಈಗ ನಮ್ಮ ಗಂಟಲು ತಿರುಗುತ್ತದೆಯೇ’ ಎಂದು ಕೇಳುತ್ತಾರೆ. ವೇಗದ ತಾನ್ ಕಷ್ಟವಾಗಬಹುದು. ಆದರೆ ಶ್ರುತಿಗೆ ನಿಂತು ನಾಲ್ಕು ವಚನ, ಎರಡು ರಾಗ ಹಾಡುವುದಕ್ಕೆ ವಯಸ್ಸು ಅಡ್ಡಿಯಲ್ಲ. ಮಕ್ಕಳು ಅನುಕರಿಸಿ ಕಲಿಯುತ್ತಾರೆ, ದೊಡ್ಡವರು ತಿಳಿದುಕೊಂಡು ಕಲಿಯುತ್ತಾರೆ. ಥಾಟು, ತಾಳದ ಲೆಕ್ಕ ದೊಡ್ಡವರಿಗೆ ಬೇಗ ಹತ್ತುತ್ತದೆ, ಕಿವಿಗೆ ಮಾತ್ರ ಹೆಚ್ಚು ದಿನ ಬೇಕು. ‘ನನಗೆ ಶ್ರುತಿಯೇ ಗೊತ್ತಾಗುವುದಿಲ್ಲ’ ಎನ್ನುವವರಲ್ಲಿ ನಿಜಕ್ಕೂ ಸ್ವರ ಗುರುತಿಸಲಾಗದವರು ಬಹಳ ವಿರಳ. ಉಳಿದವರು ತಂಬೂರಿಯ ಸ್ವರದ ಕೆಳಗಿನಿಂದ ಗುಂಯ್‌ಗುಡುತ್ತ ಮೆಲ್ಲಗೆ ಏರುತ್ತ ಬಂದರೆ, ಎರಡು ದನಿ ಒಂದಾಗುವ ಜಾಗ ಕೆಲವೇ ದಿನದಲ್ಲಿ ಸಿಗುತ್ತದೆ.

ವಾಡಿ, ಸೇಡಮ್ಮಿನ ಸಿಮೆಂಟ್ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ ದುಡಿಯುವವರಿಗೆ ಪಾಳಿಯದೇ ತೊಡಕು. ಈ ವಾರ ಹಗಲು, ಮುಂದಿನ ವಾರ ರಾತ್ರಿ. ಒಂದೇ ಗೊತ್ತಾದ ವೇಳೆಗೆ ಅವರು ಬರಲಾರರು. ಅಂಥವರ ಗುಂಪಿಗೆ ವಾರದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಪಾಠ ಇಟ್ಟು, ಎರಡರಲ್ಲೂ ಒಂದೇ ಪಾಠ ಹೇಳಿಕೊಡುವುದು ಒಂದು ದಾರಿ, ಯಾವುದಕ್ಕೆ ಬಂದರೂ ನಡೆಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಮೇಲಿನ ಸ್ವರಗಳನ್ನು ಮುಟ್ಟಲೇಬೇಡಿ. ಮಂದ್ರದ ಸ್ವರಗಳಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಗುಟ್ಕಾ, ಬೀಡಿ ಬಿಡದೆ ಗಂಟಲು ತಿದ್ದಿಕೊಡಿ ಎಂದರೆ ಯಾವ ಗವಾಯಿಯ ಕೈಯಲ್ಲೂ ಆಗದು.

ಈಗ ಪೇಟಿಯ ಮಾತು

ಮೊದಲ ಮೂರು ತಿಂಗಳು ಫೋನಿನ ತಂಬೂರಿ ಆ್ಯಪ್ ಸಾಕು. ಕರಿ ಒಂದು ಬೇಕಾದರೆ ಸಿ ಶಾರ್ಪ್, ಕರಿ ನಾಲ್ಕಕ್ಕೆ ಜಿ ಶಾರ್ಪ್, ಕರಿ ಐದಕ್ಕೆ ಎ ಶಾರ್ಪ್ ಎಂದು ಹಾಕಿಕೊಳ್ಳಿ. ಫೋನಿಗೊಂದು ಚಿಕ್ಕ ಸ್ಪೀಕರ್ ಇದ್ದರೆ ಒಳ್ಳೆಯದು.

ಪೇಟಿಯನ್ನು ತಡವಾಗಿ ಕೊಳ್ಳಿ ಎನ್ನುವುದಕ್ಕೆ ದುಡ್ಡು ಒಂದೇ ಕಾರಣವಲ್ಲ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ತುಸು ಏರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದೂ ಇಲ್ಲ. ಆಕಾಶವಾಣಿ 1940ರಿಂದ ಮೂರು ದಶಕ ಪೇಟಿಯನ್ನು ಹೊರಗಿಟ್ಟದ್ದರ ಹಿಂದೆಯೂ ಇಂಥ ತಕರಾರು ಇತ್ತು. ಪೇಟಿ ಕೆಟ್ಟದ್ದೆಂದಲ್ಲ, ನಮ್ಮ ಭಜನಿ, ಪುರಾಣ, ನಾಟಕ ಅದಿಲ್ಲದೆ ನಡೆಯುವುದಿಲ್ಲ. ಆದರೆ ಪ್ರತಿ ಸ್ವರಕ್ಕೂ ಪೇಟಿ ಒತ್ತಿ ಹಾಡಿದ ಮಗು ಅದನ್ನೇ ಊರುಗೋಲು ಮಾಡಿಕೊಳ್ಳುತ್ತದೆ. ಪಲ್ಟೆಯನ್ನು ಒಮ್ಮೆ ಪೇಟಿಯೊಂದಿಗೆ, ಒಮ್ಮೆ ಬರೀ ತಂಬೂರಿಯೊಂದಿಗೆ ಹಾಡಿಸಿ.

ಕೊಳ್ಳುವಾಗ ಮೂರೂವರೆ ಸಪ್ತಕದ, ಎರಡು ಸಾಲು ರೀಡಿನ ಸಾದಾ ಪೇಟಿ ಸಾಕು. ಸ್ಕೇಲ್ ಚೇಂಜರ್ ಭಾರವೂ ಹೌದು, ದುಬಾರಿಯೂ ಹೌದು, ಕಲಿಯುವವರಿಗೆ ಬೇಕಿಲ್ಲ. ಭಾತಿ ಎಳೆದು ಬಿಟ್ಟು ಯಾವ ಮನೆಯನ್ನೂ ಒತ್ತದೆ ಕಿವಿಗೊಡಿ. ಗಾಳಿ ಬೇಗ ಇಳಿದರೆ ಸೋರುತ್ತಿದೆ ಎಂದರ್ಥ. ಹಳೆಯ ಪೇಟಿ ಅಗ್ಗಕ್ಕೆ ಸಿಕ್ಕರೆ ಗುರುಗಳನ್ನೇ ಕರೆದೊಯ್ದು ತೋರಿಸಿ. ತಬಲಾ ಕೊಳ್ಳುವವರು ಅದು ಯಾವ ಪಟ್ಟಿಗೆ ಎಂದು ಕೇಳದೆ ದುಡ್ಡು ಕೊಡಬೇಡಿ. ಬಾಯಿ ಅಗಲವಾದಷ್ಟೂ ಸ್ವರ ಕೆಳಗೆ, ಕಿರಿದಾದಷ್ಟೂ ಮೇಲೆ. ಕರಿ ಒಂದರ ತಬಲಾವನ್ನು ಅದರ ಕೆಳಗಿನ ಕರಿ ನಾಲ್ಕಕ್ಕೆ ಇಳಿಸಲು ಹೋದರೆ ದನಿ ಸತ್ತುಹೋಗುತ್ತದೆ.

ವಾಡಿ, ಶಹಾಬಾದ್, ಸೇಡಮ್ಮಿನ ಧೂಳು ವಾದ್ಯಕ್ಕೆ ದೊಡ್ಡ ವೈರಿ. ರೀಡಿನ ಕೆಳಗೆ ಒಂದು ಕಣ ಸಿಕ್ಕಿದರೂ ಆ ಸ್ವರ ಮೂಕವಾಗುತ್ತದೆ, ಇಲ್ಲವೆ ಗೊರಗುಟ್ಟುತ್ತದೆ. ಬಾರಿಸಿದ ಕೂಡಲೆ ಮುಚ್ಚಿ, ಮೇಲೊಂದು ದಪ್ಪ ಬಟ್ಟೆ ಹೊದಿಸಿ. ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟರೆ ಕಟ್ಟಿಗೆ ಸೀಳುತ್ತದೆ, ತಬಲಾದ ಪುಡಿ (ಬಾಯಿಗೆ ಬಿಗಿದ ಚರ್ಮ) ಬಿಗಿದು ಶ್ರುತಿ ಏರುತ್ತದೆ. ಮಳೆಗಾಲದಲ್ಲಿ ಪುಡಿ ಸಡಿಲ, ರೀಡಿಗೆ ಕಿಲುಬು. ಇನ್ನೊಂದು, ಶಹಾಬಾದ್ ಕಲ್ಲಿನ ನೆಲ, ಕಲ್ಲಿನ ಗೋಡೆಯ ಕೋಣೆಯಲ್ಲಿ ದನಿ ಗುಂಯ್ ಎಂದು ತುಂಬಿ ಬಹಳ ಇಂಪಾಗಿ ಕೇಳುತ್ತದೆ. ಆ ಮಾರ್ದನಿಯಲ್ಲಿ ತಪ್ಪು ಸ್ವರ ಮುಚ್ಚಿಹೋಗುತ್ತದೆ. ದಪ್ಪ ಜಮಖಾನೆ ಹಾಸಿ, ಗೋಡೆಗೊಂದು ಕೌದಿ ತೂಗುಬಿಡಿ, ಆಗ ನಿಮ್ಮ ನಿಜವಾದ ದನಿ ಕೇಳುತ್ತದೆ.

ಪರೀಕ್ಷೆಗಳ ಬಗ್ಗೆ ಎರಡು ಮಾತು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ್ದು ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರದ ತನಕ ಹೋಗುತ್ತದೆ. ರಾಜ್ಯದ್ದು ಜೂನಿಯರ್, ಸೀನಿಯರ್, ವಿದ್ವತ್. ನಿಮ್ಮ ಗುರು ಯಾವುದಕ್ಕೆ ಕಲಿಸುತ್ತಾರೆ, ಹತ್ತಿರದ ಕೇಂದ್ರ ಯಾವುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಎರಡರ ಪಠ್ಯವೂ ಒಂದೇ ಅಲ್ಲ. ಒಂದೂವರೆ ವರ್ಷ ಆಗುವ ತನಕ ಪರೀಕ್ಷೆಯ ಮಾತೇ ಬೇಡ. ಮುಂದೆ ಸಂಗೀತ ಶಿಕ್ಷಕರಾಗುವ ಆಸೆ ಇರುವ ಮಕ್ಕಳಿಗೆ ಪ್ರಮಾಣಪತ್ರ ಬೇಕಾಗುತ್ತದೆ, ನಲವತ್ತೈದರ ಗೃಹಿಣಿಗೆ ಅದರ ಹಂಗಿಲ್ಲ.

ಕೊನೆಯದು ಫೀ. ತಲೆಗೆ ಇಷ್ಟು ಎಂದು ಮಾಸ್ತರರಿಗೆ ಬಿಡಿಬಿಡಿಯಾಗಿ ಕೊಡುವ ಬದಲು, ಗುಂಪಿನ ಒಬ್ಬರು ಎಲ್ಲರ ಫೀ ಕೂಡಿಸಿ ತಿಂಗಳ ಮೊದಲ ವಾರವೇ ಕೊಡಲಿ, ಹೋಗಿಬರುವ ಖರ್ಚು ಬೇರೆ. ಮಳೆ, ಹಬ್ಬ, ತಡವಾದ ರೈಲು ಎಂದು ತಪ್ಪಿದ ಪಾಠದ ದುಡ್ಡು ಕಡಿಯಬೇಡಿ. ಪುರಾಣದ ಹಂಗಾಮು ಮುಗಿದ ಮೇಲೆ ಗವಾಯಿಗಳಿಗೆ ಗೊತ್ತಾದ ಆದಾಯ ಇರುವುದಿಲ್ಲ. ತಿಂಗಳಿಗೆ ಇಷ್ಟು ಖಚಿತ ಎಂದಾದರೆ ಅವರು ಬೇರೆ ಊರಿನ ಕರೆ ಬಿಟ್ಟು ನಿಮ್ಮ ಊರಿನ ಪಾಠ ಉಳಿಸಿಕೊಳ್ಳುತ್ತಾರೆ.